ಜಿಗಣಿಯಲ್ಲಿ ಲಸಿಕೆಗೆ ಹಿಂಜರಿದವರು ಯಾರು?

2021ರ ಮೇ ತಿಂಗಳಲ್ಲಿ ಕೋವಿಡ್ ಲಸಿಕೆಯ ಸ್ಲಾಟ್ ಕಾಯ್ದಿರಿಸಲು ಕೋ-ವಿನ್ ಪೋರ್ಟಲ್ ತೆರೆದವರಿಗೆ ಬೆಂಗಳೂರು ಮೂರು ಹೋಳಾಗಿ ಕಾಣುತ್ತಿತ್ತು: ಬಿಬಿಎಂಪಿ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ. ಆನೇಕಲ್ ತಾಲ್ಲೂಕಿನ ಜಿಗಣಿ ಪಾಲಿಕೆಯ ಗಡಿಯಾಚೆಗಿದ್ದುದರಿಂದ ಎರಡನೆಯದಕ್ಕೆ ಸೇರಿತ್ತು. ಊರೊಳಗೆ ಸ್ಲಾಟ್ ಸಿಗದವರು ಪಟ್ಟಿ ಬದಲಿಸಿ ಹೊರವಲಯದ ಕೇಂದ್ರಗಳನ್ನು ಹಿಡಿದರು. ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದರು. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತ ಹಗಲಿಡೀ ದೂಳಲ್ಲಿ ನಿಲ್ಲುವವನಿಗೆ ಸ್ಲಾಟ್ ಯಾವಾಗ ಬಿಟ್ಟರು, ಯಾವಾಗ ಮುಗಿಯಿತು ಎಂದು ತಿಳಿಯುವುದೆಲ್ಲಿಂದ ಬಂತು? ಕೋ-ವಿನ್‌ಗೆ ಕನ್ನಡ ಬಂದದ್ದೇ ಜೂನ್‌ನಲ್ಲಿ.

ಹೀಗಿದ್ದರೂ ‘ಲಸಿಕೆಗೆ ಹಿಂಜರಿಯುವವರು’ ಎಂಬ ಹಣೆಪಟ್ಟಿ ಅಂಟಿದ್ದು ಹೆಚ್ಚಾಗಿ ಬಡವರಿಗೇ. ಒಟ್ಟು ಡೋಸ್‌ಗಳ ಲೆಕ್ಕದಲ್ಲಿ ಕೋವಿಡ್ ಅಭಿಯಾನ ದೊಡ್ಡ ಸಾಧನೆ, ಅನುಮಾನವಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ನಿಂತು ನೋಡಿದರೆ ಮಾತ್ರ ಅದರ ನಿಯಮಗಳನ್ನು ಬರೆದವರ ಕಣ್ಣಿಗೆ ಕಾರ್ಮಿಕ ಬಿದ್ದೇ ಇರಲಿಲ್ಲವೇನೋ ಅನ್ನಿಸುತ್ತದೆ.

ಏಪ್ರಿಲ್ 11ರಿಂದ ಕೆಲಸದ ಸ್ಥಳದಲ್ಲೇ ಲಸಿಕೆ ಹಾಕಲು ಕೇಂದ್ರ ಸರ್ಕಾರ ಒಪ್ಪಿತು. ಷರತ್ತು ಎರಡು: ವಯಸ್ಸು 45 ಆಗಿರಬೇಕು, ಅಂಥವರು ಒಂದೇ ಕಡೆ ಸುಮಾರು 100 ಮಂದಿ ಸಿಗಬೇಕು. ದೊಡ್ಡ ಕಂಪನಿಗಳಿಗೆ ಇದು ಸಲೀಸು. ಜಿಗಣಿಯ ಒಳರಸ್ತೆಗಳ ಸಣ್ಣ ಘಟಕಗಳಲ್ಲಿ ಒಟ್ಟು ಕೆಲಸಗಾರರೇ ಅಷ್ಟಿರುವುದಿಲ್ಲ. ಇರುವವರಲ್ಲೂ ಒಡಿಶಾ, ಬಿಹಾರ, ಉತ್ತರ ಕರ್ನಾಟಕದಿಂದ ಬಂದ ಎಳೆಯ ಹುಡುಗರೇ ಹೆಚ್ಚು. ಮೇ 1ರಂದು 18 ತುಂಬಿದವರಿಗೆಲ್ಲ ಬಾಗಿಲು ತೆರೆಯಿತು, ಆದರೆ ರಾಜ್ಯದಲ್ಲಿ ದಾಸ್ತಾನಿರಲಿಲ್ಲ. ಈ ವಯಸ್ಸಿನವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಮೇ 10ಕ್ಕೆ ಶುರುವಾದದ್ದು 14ಕ್ಕೆ ನಿಂತಿತು. ಖಾಸಗಿಯಲ್ಲಿ ಹಾಕಿಸಿಕೊಳ್ಳೋಣವೆಂದರೆ, ಜೂನ್‌ನಲ್ಲಿ ದರಕ್ಕೆ ಮಿತಿ ಹಾಕಿದ ಮೇಲೂ ಕೋವಿಶೀಲ್ಡ್ ಲಸಿಕೆಯ ಒಂದು ಡೋಸ್‌ಗೆ 780 ರೂಪಾಯಿ.

ಭಯವೇ ಇರಲಿಲ್ಲವೆಂದರೆ ಸುಳ್ಳಾದೀತು. ತಮಿಳು ನಟ ವಿವೇಕ್ ಏಪ್ರಿಲ್ 15ರಂದು ಲಸಿಕೆ ಹಾಕಿಸಿಕೊಂಡರು, 17ರಂದು ಹೃದಯಾಘಾತದಿಂದ ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ತಜ್ಞರ ಸಮಿತಿ ಹೇಳುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಹೊಸೂರಿಗೆ ಅಂಟಿಕೊಂಡ ಆನೇಕಲ್‌ಗೆ ಇಂಥ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಗಡಿ ದಾಟಿ ಬರಲು ಎಷ್ಟು ಹೊತ್ತು? ಇದರ ಜೊತೆಗೆ ಇನ್ನೂ ಸರಳವಾದ ಲೆಕ್ಕವೊಂದಿತ್ತು. ಚುಚ್ಚಿಸಿಕೊಂಡ ರಾತ್ರಿ ಜ್ವರ, ಮಾರನೇ ದಿನ ಮೈಕೈ ನೋವು. ಎರಡು ದಿನದ ಕೂಲಿ ಕೊಡುವವರು ಯಾರು? ಇದನ್ನು ಅಜ್ಞಾನ ಎನ್ನಲಾಗದು, ಜಾಗೃತಿ ಪೋಸ್ಟರ್ ಅಂಟಿಸಿ ಬಗೆಹರಿಸಲೂ ಆಗದು.

ಮನವೊಲಿಸುವ ಕಲೆ ಈ ನಾಡಿಗೆ ಹೊಸದೇನಲ್ಲ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದನೆನ್ನಲಾದ ಚಿತ್ರವೊಂದಿದೆ. ಅದರಲ್ಲಿರುವವರು ಮೈಸೂರು ಅರಮನೆಯ ಸ್ತ್ರೀಯರು, ಒಬ್ಬಾಕೆ ಸೀರೆ ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ‘ನಮ್ಮವರೇ ಹಾಕಿಸಿಕೊಂಡಿದ್ದಾರೆ’ ಎಂಬ ಭರವಸೆ ಅದು. ಜಿಗಣಿಯ ಒಡಿಯಾ ಹುಡುಗನ ಪಾಲಿಗೆ ಆ ‘ನಮ್ಮವರು’ ಯಾರು? ಶೆಡ್ಡಿನ ಮೇಸ್ತ್ರಿಯೇ ಹೊರತು ಟಿವಿಯಲ್ಲಿ ಬರುವ ನಟನಲ್ಲ.

ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ ವಯಸ್ಕರಿಗೆಲ್ಲ ಉಚಿತ ಲಸಿಕೆ ಸಿಗತೊಡಗಿತು. ನೇರವಾಗಿ ಬಂದು ಹಾಕಿಸಿಕೊಳ್ಳಲು ಅವಕಾಶ ಸಿಕ್ಕಿತು, ಶಿಬಿರಗಳು ಹತ್ತಿರಕ್ಕೆ ಬಂದವು. ಸೆಪ್ಟೆಂಬರ್ 17ರ ಒಂದೇ ದಿನ ಕರ್ನಾಟಕದಲ್ಲಿ 25 ಲಕ್ಷಕ್ಕೂ ಹೆಚ್ಚು ಡೋಸ್ ಬಿದ್ದವು. ನಾಲ್ಕು ತಿಂಗಳಲ್ಲಿ ಜನರ ಬುದ್ಧಿ ಬದಲಾಯಿತೆನ್ನುವುದಕ್ಕಿಂತ ಲಸಿಕೆ ಕೈಗೆಟುಕಿತು ಎನ್ನುವುದೇ ಸರಿ. ಅಷ್ಟಾದರೂ ಸರ್ಕಾರಕ್ಕೆ ಒತ್ತಾಯದ ಮೇಲೇ ಒಲವು: ಡಿಸೆಂಬರ್‌ನಲ್ಲಿ ಕೋವಿಡ್‌ನ ಒಮಿಕ್ರಾನ್ ತಳಿ ಕಾಣಿಸಿದ್ದೇ ತಡ, ಎರಡು ಡೋಸ್ ಆಗದವರಿಗೆ ಮಾಲ್, ಚಿತ್ರಮಂದಿರ ಬಂದ್. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ 2ರಂದು.

ಅದೇ ವರ್ಷ ಜುಲೈ 15ರಿಂದ 75 ದಿನ ಮೂರನೆಯದಾದ ಮುನ್ನೆಚ್ಚರಿಕೆ ಡೋಸನ್ನು ವಯಸ್ಕರಿಗೆಲ್ಲ ಉಚಿತವಾಗಿ ಕೊಟ್ಟರು. ಕೇಂದ್ರಗಳಲ್ಲಿ ಲಸಿಕೆಯಿತ್ತು, ನೂಕುನುಗ್ಗಲಿರಲಿಲ್ಲ. ಅರ್ಹರಲ್ಲಿ ಬಹುಪಾಲು ಮಂದಿ ಆ ಕಡೆ ತಲೆ ಹಾಕಲಿಲ್ಲ, ಓದಿದವರೂ ಸೇರಿ. ಹಿಂಜರಿಕೆಯ ಬಗ್ಗೆ ಆಗ ಉಪನ್ಯಾಸಗಳು ನಡೆಯಲಿಲ್ಲ. ಬೇಡಿಕೆ ಕುಸಿದು ಕೋವಿಶೀಲ್ಡ್ ತಯಾರಿಕೆಯನ್ನು 2021ರ ಡಿಸೆಂಬರ್‌ನಲ್ಲೇ ನಿಲ್ಲಿಸಿದ್ದ ಸೀರಂ ಸಂಸ್ಥೆ, ಸುಮಾರು 10 ಕೋಟಿ ಡೋಸ್‌ಗಳ ಅವಧಿ ಮುಗಿದು ಹಾಳಾದವೆಂದು ಆಮೇಲೆ ತಿಳಿಸಿತು.