ವೆಣ್ಮಣಿಯ ಗುಡಿಸಲು, ಕಾದಂಬರಿಯ ಜಮೀನ್ದಾರ

1968ರ ಡಿಸೆಂಬರ್ 25ರ ರಾತ್ರಿ, ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ 44 ಮಂದಿ ದಲಿತರು ಒಂದೇ ಗುಡಿಸಲೊಳಗೆ ಬೆಂದುಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು. ದಾಳಿಗೆ ಹೆದರಿ ಒಳಗೆ ಸೇರಿಕೊಂಡಿದ್ದರು. ಆ ಗುಡಿಸಲಿಗೇ ಬೆಂಕಿ ಇಟ್ಟರು. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಭತ್ತದ ಕೂಲಿ ಹೆಚ್ಚಿಸಿ ಅಂದಿದ್ದರು, ಕೆಂಬಾವುಟ ಹಿಡಿದಿದ್ದರು. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬೇಡಿಕೆ ಕೂಲಿಯದು, ಬೆಂಕಿ ಬಿದ್ದದ್ದು ಕೇರಿಗೆ.

ಈ ಸಾವುಗಳನ್ನು ಓದಿದ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕೋರ್ಟಿನ ತೀರ್ಪು, ಇನ್ನೊಂದು ಕಾದಂಬರಿ.

ಕೆಳಗಿನ ಕೋರ್ಟು 1970ರಲ್ಲಿ ಗೋಪಾಲಕೃಷ್ಣ ನಾಯ್ಡು ಮತ್ತಿತರ ಭೂಮಾಲೀಕರಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಮದ್ರಾಸ್ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ಅದರ ವಾದ ಹೀಗೆ: ಇವರೆಲ್ಲ ದೊಡ್ಡ ಹಿಡುವಳಿದಾರರು, ಒಬ್ಬರ ಹತ್ತಿರ ಕಾರೂ ಇದೆ, ಇಂಥವರು ಆಳುಗಳನ್ನು ಕಳಿಸದೆ ತಾವೇ ನಡೆದುಕೊಂಡು ಬಂದು ಬೆಂಕಿ ಹಚ್ಚಿದರು ಅಂದರೆ ನಂಬುವುದು ಕಷ್ಟ. ಆರೋಪಿಯ ಅಂತಸ್ತೇ ಅವನ ಪರ ಸಾಕ್ಷಿ ಹೇಳಿತು. ಕೇರಿಯವರು ಕಣ್ಣಾರೆ ಕಂಡದ್ದು ಅದರ ಮುಂದೆ ನಿಲ್ಲಲಿಲ್ಲ.

ಕಾದಂಬರಿ ಇಂದಿರಾ ಪಾರ್ಥಸಾರಥಿಯವರ 'ಕುರುದಿಪ್ಪುನಲ್'. 1977ರಲ್ಲಿ ಇದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲೇಖಕರ ಸಹಾನುಭೂತಿ ಸತ್ತವರ ಕಡೆಗೇ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಕಾದಂಬರಿಯ ಕಣ್ಣು ಎಲ್ಲಿ ನಿಂತಿದೆ? ದೆಹಲಿಯ ನಂಟಿರುವ ಗೋಪಾಲ್, ಶಿವ ಎಂಬ ವಿದ್ಯಾವಂತರು ಊರನ್ನು ನೋಡುತ್ತಾರೆ, ಚರ್ಚಿಸುತ್ತಾರೆ. ಜಮೀನ್ದಾರ ಕಣ್ಣಯ್ಯ ನಾಯ್ಡುವಿನ ಕ್ರೌರ್ಯದ ಹಿಂದೆ ಷಂಡತನದ ಅವಮಾನವಿದೆ ಅನ್ನೋದು ಕೃತಿಯ ಶೋಧ. ಅಲ್ಲಿಗೆ ಗುಡಿಸಲ ಬೆಂಕಿ ಒಬ್ಬನ ಮನೋರೋಗದ ಕಥೆಯಾಗುತ್ತದೆ. ಹಂಗಾದರೆ ಗಂಡಸುತನ ನೆಟ್ಟಗಿದ್ದ ಜಮೀನ್ದಾರರು ಕೇರಿ ಸುಟ್ಟಿಲ್ಲವೆ? ವೆಣ್ಮಣಿಯ ಸುತ್ತ ಭೂಮಾಲೀಕರು ಭತ್ತ ಬೆಳೆಗಾರರ ಸಂಘ ಕಟ್ಟಿಕೊಂಡಿದ್ದರು, ನಾಯ್ಡು ಅದರ ಮುಖಂಡ. ಸಂಘ ಕಟ್ಟಿಕೊಂಡು ಮಾಡುವ ಕೆಲಸಕ್ಕೆ ಕಾಯಿಲೆ ಅಂತ ಹೆಸರಿಡಲು ಬರುವುದಿಲ್ಲ.

ಕೋರ್ಟು ಜಮೀನ್ದಾರನ ಅಂತಸ್ತು ನೋಡಿತು, ಕಾದಂಬರಿ ಅವನ ಅಂತರಂಗ ನೋಡಿತು. ಎರಡು ಕಡೆಯೂ ನಡುಮನೆಯಲ್ಲಿ ಕೂತವನು ಅವನೇ. ಸತ್ತ 44 ಜನ ಹೊರಗೇ ಉಳಿದರು. ಕನ್ನಡದ ನವ್ಯರಿಗೂ ಈ ಚಾಳಿ ಹೊಸದಲ್ಲ. ಜಾತಿಯ ಪ್ರಶ್ನೆ ಎದುರಾದಾಗ ಅದನ್ನು ವ್ಯಕ್ತಿಯ ಮನಸ್ಸಿನ ತೊಡಕು ಮಾಡಿಬಿಟ್ಟರೆ ಊರಿಗೆ ನಿರಾಳ.

ವೆಣ್ಮಣಿಯನ್ನು ಮರೆಯದಂತೆ ಉಳಿಸಿದವರು ಎಡಪಕ್ಷದವರು. ಸತ್ತವರ ಹೆಸರು ಕಲ್ಲಿನ ಮೇಲಿವೆ, ಪ್ರತಿ ಡಿಸೆಂಬರ್ 25ಕ್ಕೆ ಜನ ಸೇರುತ್ತಾರೆ. ಈ ಋಣ ದೊಡ್ಡದು. ಆದರೆ ವರ್ಗ ಹೋರಾಟದ ಹುತಾತ್ಮರು ಅಂತ ಮಾತ್ರ ಕರೆದರೆ, ಅವರು ಯಾವ ಕೇರಿಯಲ್ಲಿ ಹುಟ್ಟಿದ್ದಕ್ಕೆ ಸುಟ್ಟುಹೋದರು ಅನ್ನೋದು ಮುಚ್ಚಿಹೋಗುತ್ತದೆ.

ಇದು ತಮಿಳರ ಪಾಡು ಅಂತ ನಾವು ಕೈತೊಳೆದುಕೊಳ್ಳುವಂತಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಕಡತದ ಪ್ರಕಾರ ಆ ಏಳು ಜನರನ್ನು ಯಾರೂ ಕೊಂದಿಲ್ಲ. ಆ ಊರಲ್ಲೇ ಕೂಲಿ ಮಾಡಿ ಬದುಕಬೇಕಾದವನು ಕಟಕಟೆಯಲ್ಲಿ ಯಾಕೆ ಬಾಯಿ ಕಟ್ಟಿಕೊಂಡ ಅನ್ನೋದು ಯಾವ ತೀರ್ಪಿನಲ್ಲೂ ಬರುವುದಿಲ್ಲ. ಅದು ಬರಬೇಕಾದದ್ದು ಸಾಹಿತ್ಯದಲ್ಲಿ.

ಆದ್ದರಿಂದ ದಲಿತ ವಿಮರ್ಶೆ ಇಂಥ ಕೃತಿಗಳಿಗೆ ಕರುಣೆ ಇದೆಯೇ ಅಂತ ಕೇಳಿ ಸುಮ್ಮನಾಗಬಾರದು. ಕರುಣೆ ಧಾರಾಳವಾಗಿಯೇ ಸಿಗುತ್ತದೆ. ಗುಡಿಸಲ ಒಳಗಿದ್ದವರು ಬೆಂಕಿಗೆ ಮುಂಚೆ ಹೇಗೆ ಬದುಕಿದ್ದರು, ಏನು ಕೇಳಿದ್ದರು, ಕೃತಿಯಲ್ಲಿ ಅವರಿಗೆ ಹೆಸರು ಮಾತು ಇವೆಯೇ ಅಂತ ಕೇಳಬೇಕು. ಆ ರಾತ್ರಿಗೆ ಮಾತ್ರ ಬಂದು ಸತ್ತುಹೋಗುವವರಾಗಿ ಅವರನ್ನು ಬರೆದರೆ, ಅದನ್ನು ನೆನಪು ಅಂತ ನಾವು ಒಪ್ಪಬೇಕಾಗಿಲ್ಲ.