ಭಾವ ಮತ್ತು ಸ್ವಭಾವ: ರೆಂಬ್ರಾಂಟನ ಪೌಲ

ಹಾಲೆಂಡಿನ ಚಿತ್ರಕಾರ ರೆಂಬ್ರಾಂಟನು 1661ರಲ್ಲಿ ಪ್ರೇಷಿತ ಪೌಲರಿಗೆ ತನ್ನ ಮುಖವನ್ನೇ ಕೊಟ್ಟು ಒಂದು ಸ್ವ-ಭಾವಚಿತ್ರವನ್ನು ರಚಿಸಿದನು. ಅದು ಇಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ತಲೆಗೆ ಬಿಳಿಯ ರುಮಾಲು, ಕೈಯಲ್ಲಿ ಬರೆಹದ ಹಾಳೆಗಳು, ಮೇಲಂಗಿಯೊಳಗಿಂದ ಇಣುಕುವ ಕತ್ತಿಯ ಹಿಡಿ. ಹಾಳೆಗಳು ಪತ್ರಕರ್ತೃವಿನ ಗುರುತು. ಕತ್ತಿಯು ರಕ್ತಸಾಕ್ಷಿಯ ಗುರುತು. ಹುಬ್ಬುಗಳು ಮೇಲೆದ್ದಿವೆ, ಹಣೆ ಸುಕ್ಕುಗಟ್ಟಿದೆ, ಕಣ್ಣುಗಳು ನಮ್ಮತ್ತ ತಿರುಗಿವೆ.

ಈ ಮುಖದಲ್ಲಿ ಪಶ್ಚಾತ್ತಾಪವನ್ನು ಓದುವುದು ಸುಲಭ. ರೆಂಬ್ರಾಂಟನು 1656ರಲ್ಲಿ ದಿವಾಳಿಯಾದನು. ಮುಂದೆ ಅವನ ಮನೆಯೂ ಕಲಾಸಂಗ್ರಹವೂ ಹರಾಜಾದವು. ಇದನ್ನು ಬಲ್ಲವನು ಸುಕ್ಕುಗಳಲ್ಲಿ ಸೋಲನ್ನೂ, ಸೋಲಿನಲ್ಲಿ ಮನಪರಿವರ್ತನೆಯನ್ನೂ ಕಾಣುತ್ತಾನೆ. ಪ್ರಬೋಧನೆಗೊಂದು ಸಿದ್ಧ ದೃಷ್ಟಾಂತ ದೊರೆಯುತ್ತದೆ. ಆದರೆ ಹಾಗೆ ಹೇಳಿದ್ದು ಚಿತ್ರವೇ, ನಾವು ಮೊದಲೇ ಅರಿತ ಚರಿತ್ರೆಯೇ? ಎತ್ತಿದ ಹುಬ್ಬು ಪ್ರಶ್ನೆಯಾಗಿರಬಹುದು, ದಣಿವಾಗಿರಬಹುದು, ಕನ್ನಡಿಯನ್ನು ದಿಟ್ಟಿಸಿ ತನ್ನನ್ನೇ ಬರೆಯುವವನ ದುಡಿಮೆಯ ಗುರುತೂ ಆಗಿರಬಹುದು. ತಾರುಣ್ಯದಲ್ಲೇ ಅವನು ಅಚ್ಚರಿ, ಸಿಡುಕು, ನಗುಗಳನ್ನು ತನ್ನ ಮುಖದ ಮೇಲೆ ತಂದುಕೊಂಡು ಅಚ್ಚುಚಿತ್ರಗಳಲ್ಲಿ ಅಭ್ಯಾಸ ಮಾಡಿದ್ದನು. ಮುಖಭಾವವು ಅವನಿಗೆ ಅನುಭವವಷ್ಟೇ ಅಲ್ಲ, ಕಲಿತ ವಿದ್ಯೆಯೂ ಹೌದು.

ನಮ್ಮ ನುಡಿ ಇಂಥ ಕೃತಿಯನ್ನು ಭಾವಚಿತ್ರವೆಂದು ಕರೆದಿರುವುದು ಅರ್ಥಪೂರ್ಣ. ಭಾವ ಕ್ಷಣದ್ದು, ಸ್ವಭಾವ ಬಾಳಿನದು. ಭಾವಕ್ಕೆ ಗೆರೆ, ಬಣ್ಣ, ಬೆಳಕುಗಳ ಸಾಕ್ಷ್ಯವುಂಟು. ಸ್ವಭಾವದ ತೀರ್ಪಿಗೆ ಒಂದು ಮುಖ ಸಾಲದು. ಹಾಗೆಂದು ವಿಮರ್ಶಕನು ಮೌನ ತಾಳಬೇಕಾಗಿಲ್ಲ. ಇಲ್ಲಿ ಪ್ರೇಷಿತನಿಗೆ ಪ್ರಭಾವಳಿಯಿಲ್ಲ. ದಪ್ಪ ಮೂಗನ್ನೂ ಸಡಿಲಗೊಂಡ ಕೆನ್ನೆಯನ್ನೂ ಕಲಾವಿದ ತಿದ್ದಿಲ್ಲ. ಬೆಳಕು ರುಮಾಲು, ಹಣೆ, ಹಾಳೆಗಳ ಮೇಲೆ ಬಿದ್ದಿದೆ; ಕತ್ತಿ ಮಬ್ಬಿನಲ್ಲಿದೆ. ಸಂತನ ಮಹಿಮೆಯನ್ನು ತಾನು ಎರವಲು ಪಡೆಯದೆ, ತನ್ನ ಸಾಧಾರಣ ಮುಖವನ್ನೇ ಸಂತನಿಗೆ ಒಪ್ಪಿಸಿದ ಈ ನಿರ್ಧಾರ ಪಟದ ಮೇಲೆಯೇ ಕಾಣುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲರು ತಮ್ಮ ಬಗ್ಗೆ ತಾವೇ ತೀರ್ಪು ನೀಡಲೊಲ್ಲದೆ ಅದನ್ನು ಪ್ರಭುವಿಗೆ ಬಿಡುತ್ತಾರೆ; 13ನೆಯ ಅಧ್ಯಾಯದಲ್ಲಿ ನಮ್ಮ ಈಗಿನ ಅರಿವನ್ನು ಕನ್ನಡಿಯ ಮಸುಕು ನೋಟಕ್ಕೆ ಹೋಲಿಸುತ್ತಾರೆ. ಮುಖಗಳನ್ನು ಓದುವುದು ಗುರುಗಳಾದ ನಮ್ಮ ನಿತ್ಯದ ಕೆಲಸ. ತರುಣನೊಬ್ಬನ ಮುಗುಳ್ನಗೆಯನ್ನು ಉಡಾಫೆಯೆಂದೂ, ಮೌನವನ್ನು ಅಹಂಕಾರವೆಂದೂ ಬರೆದಿಟ್ಟರೆ ಒಂದು ದೈವಕರೆಯೇ ಮುರಿದುಬಿದ್ದೀತು. ಪಟವನ್ನು ಮಾತನಾಡಿಸಲಾಗದು, ಎದುರಿಗೆ ಕುಳಿತವನನ್ನಾದರೋ ಕೇಳಬಹುದು.