ಹಂಸತೀರ್ಥಕ್ಕೆ ಬಾರದ ಹಕ್ಕಿಹೆಣ್ಣು

ಗುಂಡ್ಲುಪೇಟೆಯಿಂದ ಊಟಿ ದಾರಿ ಹಿಡಿದು ಹಂಗಳದಲ್ಲಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರ್ ಎತ್ತರದ ಈ ಬೆಟ್ಟದ ಕೊಳಗಳಲ್ಲಿ ಒಂದು ಹಂಸತೀರ್ಥ. ಕಾಗೆಯೊಂದು ಅದರಲ್ಲಿ ಮುಳುಗಿ ಹಂಸವಾಗಿ ಎದ್ದಿತಂತೆ. ಕೊಳವಿದೆ, ಹಂಸವಿದೆ, ರೂಪಾಂತರವೂ ಇದೆ. ಹೆಣ್ಣಿಲ್ಲ.

ಸೈಬೀರಿಯಾದ ಬೈಕಲ್ ಸರೋವರದ ದಂಡೆಯಲ್ಲಿ ಇಂಥದೇ ಕೊಳ, ಇಂಥದೇ ಹಂಸ ಬೇರೆ ಕಥೆ ಕಟ್ಟಿವೆ. ಹಂಸಗಳು ಗರಿಯುಡುಗೆ ಕಳಚಿಟ್ಟು ಹೆಣ್ಣುಗಳಾಗಿ ಈಜುತ್ತಿರುತ್ತವೆ. ಬೇಟೆಗಾರ ಒಬ್ಬಳ ಉಡುಗೆ ಬಚ್ಚಿಟ್ಟು ಅವಳನ್ನು ಮದುವೆಯಾಗುತ್ತಾನೆ. ಹನ್ನೊಂದು ಗಂಡುಮಕ್ಕಳಾಗುತ್ತಾರೆ, ಬುರ್ಯಾತ್ ಜನರಲ್ಲಿ ಖೋರಿ ಪಂಗಡದ ಹನ್ನೊಂದು ಕುಲಗಳ ಮೂಲಪುರುಷರು ಇವರೇ. ಕೊನೆಗೊಂದು ದಿನ ಅವಳು ಉಡುಗೆ ಕೇಳಿ ಪಡೆದು, ತೊಟ್ಟು, ಹೊಗೆಗಿಂಡಿಯಿಂದ ಹಾರಿಹೋಗುತ್ತಾಳೆ. ತಡೆಯಲು ಹಿಡಿದ ಮಸಿಗೈಯಿಂದಲೇ ಹಂಸದ ಕಾಲು ಕಪ್ಪಾಯಿತೆನ್ನುವ ಪಾಠವೂ ಉಂಟು.

ತೌಲನಿಕ ಜಾನಪದದವರು ಇಂಥ ಕಥೆಗಳನ್ನೆಲ್ಲ ಒಂದೇ ಅಂಕಿಯಡಿ ಪೇರಿಸಿದರು: ಸ್ಟಿತ್ ಥಾಂಪ್ಸನ್ನರ ಆಶಯ ಸೂಚಿಯಲ್ಲಿ ಅದು ಡಿ361.1. ದೂರದ ನಂಟುಗಳನ್ನು ತೋರಿಸಿಕೊಟ್ಟದ್ದು ಆ ಪಂಥದ ದೊಡ್ಡ ಕೊಡುಗೆ. ಆದರೆ ಕಥೆ ಒಂದೆಡೆ ಏಕೆ ಬೇರುಬಿಟ್ಟಿತು, ಇನ್ನೊಂದೆಡೆ ಏಕೆ ಬಿಡಲಿಲ್ಲ ಎಂಬುದಕ್ಕೆ ಅಂಕಿ ಉತ್ತರ ಕೊಡದು. ಆ ಉತ್ತರಕ್ಕೆ ಹಕ್ಕಿಯನ್ನೇ ನೋಡಬೇಕೆಂದವರು ಎ. ಟಿ. ಹ್ಯಾಟೊ. 1961ರ ಪ್ರಬಂಧದಲ್ಲಿ ಅವರು ಈ ಕಥೆಯನ್ನು ಉತ್ತರದ ವಲಸೆಹಕ್ಕಿಗಳ ಬದುಕಿಗೆ ಜೋಡಿಸಿದರು.

ಹ್ಯಾಟೊ ಹಿಡಿದ ಜಾಡು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯವರೆಗೂ ಬರುತ್ತದೆ. ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಅಲ್ಲಿ. ಹಳಬರು ಹಂಸವೆಂದದ್ದು ಈ ಹಕ್ಕಿಯನ್ನೇ ಎನ್ನುವವರೂ ಇದ್ದಾರೆ. ಅವು ಇಲ್ಲಿ ಮೇಯುತ್ತವೆ, ಬೇಸಿಗೆ ಬಲಿಯುವ ಮೊದಲೇ ಹೊರಡುತ್ತವೆ; ಗೂಡು ಕಟ್ಟುವುದು, ಮರಿ ಮಾಡುವುದು ಉತ್ತರದಲ್ಲಿ. ರೆಕ್ಕೆಯ ಗರಿಗಳೆಲ್ಲ ಒಟ್ಟಿಗೆ ಉದುರಿ ಕೆಲವು ವಾರ ಹಾರಲಾರದೆ ನೀರಿನಲ್ಲೇ ಉಳಿಯುವುದೂ ಅಲ್ಲಿಯೇ. ಗರಿ ಕಳೆದುಕೊಂಡು ನೆಲಕ್ಕೆ ಕಟ್ಟುಬಿದ್ದ ತಾಯಿ, ಗರಿ ಮೂಡಿದೊಡನೆ ಹಾರಿಹೋಗುವ ತಾಯಿ: ಇದು ಬೈಕಲ್‌ನ ಬೇಟೆಗಾರ ಬೇಸಿಗೆ ಬೇಸಿಗೆಗೂ ಕಂಡ ನೋಟ. ಹದಿನಾರಿನ ರೈತ ಕಂಡದ್ದು ಬಂದುಹೋಗುವ ನೆಂಟರನ್ನು. ನೆಂಟರ ಮೇಲೆ ಹೆಂಡತಿಯ ಕಥೆ ಹುಟ್ಟದು.

ಶತಪಥ ಬ್ರಾಹ್ಮಣದ ಊರ್ವಶಿ ಇದಕ್ಕೆ ಅಡ್ಡ ಬರುವಳೆ? ಕುರುಕ್ಷೇತ್ರದ ಸರೋವರದಲ್ಲಿ ಅವಳೂ ಸಖಿಯರೂ ನೀರುಹಕ್ಕಿಗಳಾಗಿ ಈಜುತ್ತಾರೆ, ನಿಜ. ಆದರೆ ಅಲ್ಲಿ ಕಳುವಾಗುವುದು ಗರಿಯಲ್ಲ, ಅವಳು ಸಾಕಿದ ಕುರಿಮರಿಗಳು.

ಕನ್ನಡದ ಹೆಂಗಸರು ಹೆಣ್ಣಿನ ರೂಪಾಂತರವನ್ನು ಹೇಳಿಕೊಂಡದ್ದು ಹಕ್ಕಿಯಲ್ಲಲ್ಲ, ಮರದಲ್ಲಿ. ಎ. ಕೆ. ರಾಮಾನುಜನ್ ಲೋಕಕ್ಕೆ ಪರಿಚಯಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರವಾಗಿಸಿದ ಆ ಕಥೆಯಲ್ಲಿ ಒಂದು ಬಿಂದಿಗೆ ನೀರು ಹುಡುಗಿಯನ್ನು ಹೂಮರವಾಗಿಸುತ್ತದೆ, ಇನ್ನೊಂದು ಮರಳಿ ಹೆಣ್ಣಾಗಿಸುತ್ತದೆ. ಇವಳ ಉಡುಗೆಯನ್ನು ಯಾರೂ ಕದಿಯುವುದಿಲ್ಲ. ನಾದಿನಿಯ ಗೆಳತಿಯರು ಕೊಂಬೆ ಮುರಿಯುತ್ತಾರೆ, ಕೈಕಾಲಿಲ್ಲದ ಮುಂಡವಾಗಿ ಅವಳು ದಾರಿಯಲ್ಲಿ ಬೀಳುತ್ತಾಳೆ. ಹಾರಿಹೋಗುವ ಬಿಡುಗಡೆ ಇವಳಿಗಿಲ್ಲ. ಬುರ್ಯಾತ್ ಕಥೆಗಿಂತ ಈ ಕಥೆ ಹೆಚ್ಚು ಇರಿಯುವುದು ಇಲ್ಲಿಯೇ: ಆಕೆ ಮತ್ತೆ ಹೆಣ್ಣಾಗಬೇಕಾದರೆ ಗಂಡನಾದವನು ಮುರಿದ ಒಂದೊಂದು ಕೊಂಬೆಯನ್ನೂ ಎತ್ತಿ ಜೋಡಿಸಿ, ಎರಡನೆಯ ಬಿಂದಿಗೆಯ ನೀರು ಸುರಿಯಬೇಕು.